ಹಳೇ ಪೈಪಿನಲ್ಲಿ ಕತ್ತಿಗೆ ಒರೆ: ಏಳು ವಾರದ ಕೆಲಸದ ಟಿಪ್ಪಣಿ

ಚೌತಿ ಹಬ್ಬ ಕಳೆದ ಮೇಲೆ ಒಂದು ಸಂಜೆ, ದನಕ್ಕೆ ತಂದ ಸೊಪ್ಪಿನ ಹೆಡಿಗೆಗೆ ನನ್ನ ಹೆಂಡತಿ ಕೈ ಹಾಕಿದಳು. ಸೊಪ್ಪಿನ ಅಡಿಯಲ್ಲಿ ಕತ್ತಿ ಇತ್ತು. ಅದನ್ನು ಅಲ್ಲಿ ಇಟ್ಟವನು ನಾನು. ತೋರುಬೆರಳು, ನಡುಬೆರಳು ಎರಡೂ ಕೊಯ್ದು ನಾಲ್ಕು ಹೊಲಿಗೆ ಬಿದ್ದವು. ಹದಿನೈದು ದಿನ ಆ ಕೈಯನ್ನು ನೀರಿಗೆ ಹಾಕುವ ಹಾಗಿರಲಿಲ್ಲ. ಮನೆಯಲ್ಲಿರುವ ಹರಿತದ ಸಾಮಾನಿಗೆಲ್ಲ ಒರೆ ಮಾಡಿಯೇ ತೀರಬೇಕು ಎಂದು ಅವತ್ತೇ ನಿಶ್ಚಯವಾಯಿತು. ಕೈ ಹಚ್ಚಿದ್ದು ಮಾತ್ರ ದೀಪಾವಳಿ ಮುಗಿದ ಮೇಲೆ.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ, ಅಡಿಕೆ ತೋಟ. ಇಲ್ಲಿ ಕತ್ತಿಗೆ ಒರೆ ಮಾಡುವ ರೂಢಿ ಕಡಿಮೆ. ಸೊಂಟಕ್ಕೆ ಕೊಕ್ಕೆ ಕಟ್ಟಿಕೊಂಡು ಅದಕ್ಕೆ ಬರಿಯ ಕತ್ತಿ ಸಿಕ್ಕಿಸಿಕೊಂಡು ಹೋಗುವುದು ವಾಡಿಕೆ. ಕೊಡಗಿನ ಒಡಿಕತ್ತಿಯೂ ಹಾಗೆಯೇ, ಬೆನ್ನ ಹಿಂದೆ ತೊಡಂಗ್ ಎಂಬ ಕೊಂಡಿಯಲ್ಲಿ ಒರೆಯಿಲ್ಲದೆ ನಿಲ್ಲುತ್ತದೆ. ಕೈಗೆ ತಕ್ಷಣ ಸಿಗಬೇಕಾದ ಆಯುಧಕ್ಕೆ ಅದೇ ಸರಿ. ನನ್ನ ತಂಟೆ ಸೊಂಟದಲ್ಲಿರುವ ಕತ್ತಿಯದಲ್ಲ. ಹೆಡಿಗೆಯಲ್ಲಿ, ಬೈಕಿನ ಚೀಲದಲ್ಲಿ, ಕೊಟ್ಟಿಗೆಯ ಗೋಡೆಯಲ್ಲಿ, ಸೋಗೆ ರಾಶಿಯ ಪಕ್ಕದಲ್ಲಿ ಸುಮ್ಮನೆ ಬಿದ್ದಿರುವ ಕತ್ತಿಯದು. ಕೈ ಕೊಯ್ಯುವುದು ಹೆಚ್ಚಾಗಿ ಅದೇ.

ಅಪ್ಪಯ್ಯ ಪೇಟೆಗೆ ಕತ್ತಿ ಒಯ್ಯುವಾಗ ಅಡಿಕೆ ಹಾಳೆ ಸುತ್ತುತ್ತಿದ್ದರು. ಒಣ ಹಾಳೆಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಅಲಗಿನ ಮೇಲೆ ಮಡಚಿ, ಬಾಳೆನಾರು ಬಿಗಿದು ಬಿಸಿಲಿಗಿಟ್ಟರೆ ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ಚೆಂದದ ಒರೆ ಅದು. ಮಳೆಗಾಲದಲ್ಲಿ ಮಾತ್ರ ಮತ್ತೆ ಮೆತ್ತಗಾಗುತ್ತದೆ, ಗೆದ್ದಲು ಹಿಡಿಯುತ್ತದೆ. ಚರ್ಮದ ಒರೆಯೂ ಒಮ್ಮೆ ತಂದಿದ್ದೆ. ಜೂನ್ ಕಳೆಯುವುದರೊಳಗೆ ಬೂಷ್ಟು ಹಿಡಿದು, ಒಳಗಿನ ಥಂಡಿಗೆ ಕತ್ತಿಯ ಅಲಗು ಕೆಂಪಗಾಯಿತು. ನಮ್ಮ ಮಳೆಗೆ ನೀರು ಕುಡಿಯದ ವಸ್ತುವೇ ಆಗಬೇಕು. ಹೊರದೇಶಗಳಲ್ಲಿ ಚಾಕು ಮಾಡುವವರು ಕೈಡೆಕ್ಸ್ ಎಂಬ ಹಾಳೆ ಬಳಸುತ್ತಾರೆ. ಅದು ಪಿವಿಸಿಗೆ ಅಕ್ರಿಲಿಕ್ ಬೆರೆಸಿದ ಪ್ಲಾಸ್ಟಿಕ್. ನನ್ನ ಕೊಟ್ಟಿಗೆಯ ಅಟ್ಟದಲ್ಲಿ ಪಂಪಿನ ಲೈನ್ ಬದಲಿಸಿದಾಗ ಉಳಿದ ಪಿವಿಸಿ ಪೈಪಿನ ತುಂಡುಗಳು ಬೇಕಾದಷ್ಟಿದ್ದವು.

ಇದ್ದ ಸಾಮಾನು: 110 ಮಿ.ಮೀ. ಪೈಪು ನಾಲ್ಕು ಅಡಿ (ಗೋಡೆಯ ದಪ್ಪ ವರ್ನಿಯರ್‌ನಲ್ಲಿ 2.6 ಮಿ.ಮೀ.), ವೈರಿಂಗ್‌ಗೆ ತಂದ 20 ಮಿ.ಮೀ. ಪೈಪು, ಡ್ರಿಪ್ಪಿನ ಕಪ್ಪು ಪೈಪು 16 ಮತ್ತು 12 ಮಿ.ಮೀ., ಹ್ಯಾಕ್ಸಾ, ಅರ, ಡ್ರಿಲ್, ಖಾಲಿಯಾದ 15 ಕೆ.ಜಿ. ಎಣ್ಣೆ ಡಬ್ಬ, ಹಳೇ ಹವಾಯಿ ಚಪ್ಪಲಿ ಎರಡು ಜೊತೆ, ಸೈಕಲ್ ಟ್ಯೂಬು. ಎರಡು ಸಿ-ಕ್ಲ್ಯಾಂಪ್ ಪಕ್ಕದ ಮನೆಯಿಂದ ತಂದೆ.

ಕೊಂಡದ್ದು: ರಿವೆಟ್ (ಪದರಗಳನ್ನು ಸೇರಿಸಿ ಬಿಗಿಯುವ ಲೋಹದ ಮೊಳೆ) ಹೊಡೆಯುವ ಗನ್ 290 ರೂಪಾಯಿ, 4 ಮಿ.ಮೀ. ಅಲ್ಯುಮಿನಿಯಂ ರಿವೆಟ್ ಐವತ್ತಕ್ಕೆ 75, ವಾಷರ್ 30, ಪೈಪು ಅಂಟಿಸುವ ಸಲ್ಯೂಶನ್ 45, ಪಾಲಿಶ್ ಪೇಪರ್ ಎರಡಕ್ಕೆ 30, ಡ್ರಿಲ್ ಬಿಟ್ 40. ಒಟ್ಟು 510.

ಅಕ್ಟೋಬರ್ 26, ಭಾನುವಾರ. ಕಸಿ ಚಾಕು

ಸಣ್ಣದರಿಂದ ಶುರು ಮಾಡೋಣ ಎಂದು ಕಸಿ ಚಾಕು ತೆಗೆದುಕೊಂಡೆ. ಅಪ್ಪೆಮಿಡಿ ಮಾವಿನ ಕಸಿಗೆ, ಹಿಪ್ಪಲಿ ಗಿಡಕ್ಕೆ ಕಾಳುಮೆಣಸು ಕಸಿ ಕಟ್ಟುವುದಕ್ಕೆ ಇದೇ ಚಾಕು. ಅಲಗು 7 ಸೆಂ.ಮೀ. ಉದ್ದ, 18 ಮಿ.ಮೀ. ಅಗಲ, 2 ಮಿ.ಮೀ. ದಪ್ಪ. ಮಡಚುವ ಜಾತಿಯದಲ್ಲ, ಮರದ ಹಿಡಿಯದು.

ದುಂಡು ಪೈಪನ್ನು ಚಪ್ಪಟೆ ಮಾಡಿದರೆ ಒಳಗೆ ಎಷ್ಟು ಅಗಲ ಸಿಗುತ್ತದೆ ಎಂಬ ಲೆಕ್ಕ ಸುಲಭ. ಪೈಪಿನ ಒಳ ಅಳತೆಯನ್ನು 3.14ರಿಂದ ಗುಣಿಸಿ, ಅರ್ಧ ಮಾಡಿ, ಅಲಗಿನ ದಪ್ಪ ಕಳೆಯಬೇಕು. 20ರ ಪೈಪಿಗೆ ಒಳ ಅಳತೆ 17 ಇತ್ತು. ಸುತ್ತಳತೆ 53, ಅರ್ಧ 26, ದಪ್ಪ ಕಳೆದರೆ 24. ಹದಿನೆಂಟರ ಅಲಗು ಆರಾಮವಾಗಿ ಕೂರುತ್ತದೆ. ಹೊರ ಅಳತೆ ಹಿಡಿದು ಲೆಕ್ಕ ಮಾಡಿದರೆ ಇಲ್ಲದ ಜಾಗ ಇದೆ ಎಂದು ಮೋಸ ಹೋಗುತ್ತೇವೆ.

ಮೊದಲ ತಪ್ಪು ಇಲ್ಲೇ ಆಯಿತು. ಹತ್ತು ಸೆಂ.ಮೀ. ಪೈಪು ಕತ್ತರಿಸಿ, ಒಳಗೆ ಚಾಕು ತೂರಿಸಿ, ಗ್ಯಾಸ್ ಒಲೆಯ ಉರಿಯ ಮೇಲೆ ತಿರುಗಿಸುತ್ತಾ ಕಾಯಿಸಿದೆ. ಒಂದು ಬದಿ ಮೆತ್ತಗಾಗುವುದರೊಳಗೆ ಇನ್ನೊಂದು ಬದಿ ಕಂದಾಗಿ ಗುಳ್ಳೆ ಎದ್ದಿತು. ಮೂಗಿಗೆ ಚುರುಕು ಹತ್ತುವ ವಾಸನೆ ಬಂತು, ಕಣ್ಣು ಉರಿಯಿತು. ಒಲೆ ಆರಿಸಿ, ಕಿಟಕಿ ಬಾಗಿಲು ತೆಗೆದು ಎಲ್ಲರೂ ಜಗಲಿಗೆ ಬಂದೆವು. ಪಿವಿಸಿ ಸುಟ್ಟರೆ ಬರುವುದು ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ. ಅದು ಶ್ವಾಸಕೋಶಕ್ಕೂ ಕೇಡು, ಕಬ್ಬಿಣಕ್ಕೂ ಕೇಡು. ಗಡಿಬಿಡಿಯಲ್ಲಿ ಚಾಕುವನ್ನು ಆ ಪೈಪಿನೊಳಗೇ ಬಿಟ್ಟಿದ್ದೆ. ಮರುದಿನ ಬೆಳಿಗ್ಗೆ ತೆಗೆದು ನೋಡಿದರೆ ಅಲಗಿನ ಮೇಲೆ ಕೆಂಪು ತುಕ್ಕು ಹರಡಿತ್ತು. ಒಂದೇ ರಾತ್ರಿಯಲ್ಲಿ. ಸಾಣೆಕಲ್ಲಿಗೆ ಕೊಟ್ಟು ಸರಿಮಾಡಿಕೊಳ್ಳಲು ಒಂದು ಗಂಟೆ ಹಿಡಿಯಿತು.

ಇನ್ನೊಂದು ಅಪಾಯ ಆಗ ಹೊಳೆದಿರಲಿಲ್ಲ. ಉರಿಗೆ ಹಿಡಿದರೆ ತೆಳು ಅಂಚು ಬೇಗ ಕಾಯುತ್ತದೆ. ಉಕ್ಕು ನೀಲಿ ತಿರುಗಿದರೆ ಆಚಾರಿ ಹಾಕಿಕೊಟ್ಟ ಹದ ಹೋಯಿತೆಂದೇ ಲೆಕ್ಕ. ಒರೆ ಮಾಡಲು ಹೋಗಿ ಚಾಕು ಕಳೆದುಕೊಳ್ಳಬಾರದು.

ಸಂಜೆ ಕುದಿಯುವ ನೀರಿನಲ್ಲಿ ಪ್ರಯತ್ನ ಮಾಡಿದೆ. ಪಿವಿಸಿ 80 ಡಿಗ್ರಿ ದಾಟಿದರೆ ಮೆತ್ತಗಾಗಲು ಶುರು. ನೀರು ಎಷ್ಟು ಕುದಿದರೂ 100 ದಾಟುವುದಿಲ್ಲವಾದ್ದರಿಂದ ಪೈಪು ಸುಡುವ ಭಯವೇ ಇಲ್ಲ. ಬಚ್ಚಲ ಹಂಡೆಗೆ ಹಾಕಬೇಡಿ, ಕಾರಣ ಮುಂದೆ ಹೇಳುತ್ತೇನೆ. ಎಣ್ಣೆ ಡಬ್ಬದ ಮೇಲ್ಭಾಗ ಕತ್ತರಿಸಿ, ಅಂಗಳದಲ್ಲಿ ಮೂರು ಕಲ್ಲು ಹೂಡಿ ಅದರಲ್ಲೇ ಕುದಿಸಿದೆ. ನಾಲ್ಕು ನಿಮಿಷಕ್ಕೆ ಪೈಪು ನೆನೆದ ಹಾಳೆಯ ಹದಕ್ಕೆ ಬಂತು. ಇಕ್ಕಳದಲ್ಲಿ ತೆಗೆದು, ಎರಡು ಹಲಗೆಯ ನಡುವೆ ಇಟ್ಟು ತುಳಿದೆ. ಅಪ್ಪಯ್ಯನ ಹಾಳೆ ಒರೆಗೂ ಇದಕ್ಕೂ ಕೆಲಸದಲ್ಲಿ ಏನೂ ಭೇದವಿಲ್ಲ: ಮೆತ್ತಗೆ ಮಾಡು, ಮಡಚು, ಗಟ್ಟಿಯಾಗಲು ಬಿಡು.

ಈ ಸಲ ಒಳಗೆ ಚಾಕು ಇಡಲಿಲ್ಲ. ಪೆಟ್ಟಿಗೆ ಮರದ ಚೂರಿನಲ್ಲಿ ಅಲಗಿನ ಆಕಾರ ಕೆತ್ತಿ, ಅಲಗಿಗಿಂತ 1 ಮಿ.ಮೀ. ದಪ್ಪ ಉಳಿಸಿ, ಅದನ್ನು ತೂರಿಸಿದ್ದೆ. ತುದಿಯ ಎರಡು ಸೆಂ.ಮೀ. ಇಕ್ಕಳದಲ್ಲಿ ಪೂರ್ತಿ ಒತ್ತಿ, ಆರಿದ ಮೇಲೆ ಒಂದು ರಿವೆಟ್ ಹೊಡೆದೆ. ನೀರು ಬಸಿಯಲು ಪಕ್ಕದಲ್ಲಿ 3 ಮಿ.ಮೀ. ತೂತು. ಬಾಯಿಯನ್ನು ಮಾತ್ರ ಇನ್ನೊಮ್ಮೆ ಬಿಸಿನೀರಿಗೆ ಅದ್ದಿ ಹಿಡಿಯ ಕುತ್ತಿಗೆಗೆ ಒತ್ತಿ ಹಿಡಿದೆ. ಈಗ ಚಾಕು ಟಕ್ ಎಂದು ಕೂರುತ್ತದೆ, ತಲೆಕೆಳಗು ಹಿಡಿದರೂ ಬೀಳುವುದಿಲ್ಲ. ನಲವತ್ತು ನಿಮಿಷದ ಕೆಲಸ.

ನವೆಂಬರ್ 2. ತೋಟದ ಕತ್ತಿ, ಮೊದಲ ಸುತ್ತು

ಕತ್ತಿಯ ಅಲಗು 26 ಸೆಂ.ಮೀ. ಉದ್ದ. ಹಿಡಿಯ ಹತ್ತಿರ ನಾಲ್ಕೂವರೆ ಸೆಂ.ಮೀ. ಅಗಲ, ಮುಂದೆ ಬಾಗಿದ ಮೂತಿಯ ಹತ್ತಿರ ಬೆನ್ನಿನಿಂದ ಅಳೆದರೆ 7. ಬೆನ್ನಿನ ದಪ್ಪ 5 ಮಿ.ಮೀ. ಇದಕ್ಕೆ ಪೈಪು ಚಪ್ಪಟೆ ಮಾಡಿದರೆ ಸಾಲದು, ಹಾಳೆಯಾಗಿ ಬಿಡಿಸಿ ಮಡಚಬೇಕು ಎಂದುಕೊಂಡೆ.

110ರ ಪೈಪಿನಲ್ಲಿ 30 ಸೆಂ.ಮೀ. ತುಂಡು ಕತ್ತರಿಸಿ, ಉದ್ದಕ್ಕೆ ಸೀಳಿ, ಡಬ್ಬದಲ್ಲಿ ಎಂಟು ನಿಮಿಷ ಕುದಿಸಿ, ಬಿಡಿಸಿ, ಹಲಗೆಯ ಮೇಲೆ ಹಾಸಿ, ಮೇಲೊಂದು ಹಲಗೆ ಹೇರಿ ಒರಳುಕಲ್ಲು ಇಟ್ಟೆ. ಅರ್ಧ ಗಂಟೆಯ ಮೇಲೆ ನೋಡಿದರೆ ಅಂಗೈಯಷ್ಟು ನೇರವಾದ ಹಾಳೆ. ನನಗೆ ಬಹಳ ಸಂತೋಷವಾಯಿತು.

ನಡುವೆ ಗೆರೆ ಹಾಕಿ, ಮಡಚುವುದಕ್ಕೆಂದು ಮತ್ತೆ ಕುದಿಯುವ ನೀರಿಗೆ ಇಳಿಸಿದೆ. ಒಂದೇ ನಿಮಿಷದಲ್ಲಿ ಹಾಳೆ ತನ್ನಷ್ಟಕ್ಕೆ ಸುರುಳಿ ಸುತ್ತಿಕೊಂಡು ಮತ್ತೆ ಪೈಪಾಯಿತು. ಮೂರು ಸಲ ಬಿಡಿಸಿ ಒತ್ತಿದೆ, ಮೂರು ಸಲವೂ ಅದೇ ಆಯಿತು. ಕಾರ್ಖಾನೆಯಲ್ಲಿ ಎಷ್ಟೋ ಹೆಚ್ಚು ಶಾಖದಲ್ಲಿ ಪಡೆದ ದುಂಡು ಅದು. ನಮ್ಮ ಬಿಸಿನೀರು ಅದನ್ನು ಅಳಿಸುವುದಿಲ್ಲ, ಒಂದಿಷ್ಟು ಹೊತ್ತು ಅಡಗಿಸಿಡುತ್ತದೆ ಅಷ್ಟೆ. ಕಾಯಿಸಿದಾಗಲೆಲ್ಲ ಪೈಪಿಗೆ ಮೊದಲಿನ ಆಕಾರ ನೆನಪಾಗುತ್ತದೆ. ಆ ದಿನ ಪೂರ್ತಿ ಹೋಯಿತು, ಕೈಗೆ ಏನೂ ಬರಲಿಲ್ಲ.

ನವೆಂಬರ್ 9. ಎರಡನೇ ಸುತ್ತು

ವಾರವಿಡೀ ಅದೇ ಯೋಚನೆ. ಪೈಪು ಒಳಕ್ಕೆ ಸುತ್ತಿಕೊಳ್ಳಲು ನೋಡುತ್ತದೆ. ನನಗೆ ಬೇಕಾದದ್ದೂ ಒಳಕ್ಕೆ ಮಡಚಿದ ಆಕಾರವೇ. ಹಾಗಿದ್ದ ಮೇಲೆ ಅದನ್ನು ನೇರ ಮಾಡುವ ಹಂಗು ಯಾಕೆ?

ಬೇಕಾದ ಅಗಲ: ಎರಡು ಮಗ್ಗುಲಿಗೆ 7 ಮತ್ತು 7, ಅಂಚಿನ ಪಟ್ಟಿಗೆ ಒಂದೂವರೆ ಮತ್ತು ಒಂದೂವರೆ, ಬೆನ್ನಿನ ಮಡಿಕೆಗೆ 1. ಒಟ್ಟು 18 ಸೆಂ.ಮೀ. ಪೈಪಿನ ಹೊರ ಸುತ್ತಳತೆ 34.5. ಅದರಲ್ಲಿ 18 ಅಂದರೆ ಅರ್ಧಕ್ಕಿಂತ ಚೂರು ಹೆಚ್ಚು, ದೋಣಿಯ ಹಾಗಿರುವ ತುಂಡು. ಈ ದೋಣಿಯನ್ನೇ ಕಾಯಿಸಿ ಎರಡೂ ಬದಿಯಿಂದ ಒತ್ತಿದರೆ ಒಂದೇ ಬಿಸಿಯಲ್ಲಿ ಮಡಿಕೆ ಸಿದ್ಧ.

ಕತ್ತಿಯ ಮಾದರಿಯನ್ನು ಪ್ಲೈವುಡ್‌ನಲ್ಲಿ ಕೊಯ್ದೆ. ಬೆನ್ನಿನ ಕಡೆ 6 ಮಿ.ಮೀ., ಅಂಚಿನ ಕಡೆ ಅರದಲ್ಲಿ ತಿಕ್ಕಿ 3 ಮಿ.ಮೀ. ಒತ್ತುವ ಹಲಗೆಗಳ ಒಳಮೈಗೆ ಹವಾಯಿ ಚಪ್ಪಲಿಯ ಅಟ್ಟೆ ಮೊಳೆ ಹೊಡೆದು ಕೂರಿಸಿದೆ. ಬರೀ ಮರ ಒತ್ತಿದರೆ ಎತ್ತರದ ಜಾಗದಲ್ಲಿ ಮಾತ್ರ ಒತ್ತುತ್ತದೆ, ಅಟ್ಟೆ ಇದ್ದರೆ ಮೂಲೆಮೂಲೆಗೂ ತಲುಪುತ್ತದೆ.

ನೀರಿನಿಂದ ತೆಗೆದ ಮೇಲೆ ಸಿಗುವ ಸಮಯ ಇಪ್ಪತ್ತರಿಂದ ಮೂವತ್ತು ಸೆಕೆಂಡ್. ನಾನು ಮಾದರಿ ಇಟ್ಟು, ಹಲಗೆ ಸರಿಮಾಡಿ, ಕ್ಲ್ಯಾಂಪ್ ತಿರುಗಿಸುವಷ್ಟರಲ್ಲಿ ಮೊದಲ ತುಂಡು ಬಿಗಿದು ಅರ್ಧಂಬರ್ಧ ನಿಂತಿತು. ನೋಡುತ್ತಿದ್ದ ಹೆಂಡತಿ, "ಹಲಗೆ ತಣ್ಣಗಿದ್ರೆ ಅದೇ ಬಿಸಿ ಎಳ್ಕೊಳ್ತದಲ್ಲ, ಹಲಗೆಗೂ ಮಾದರಿಗೂ ಕುದಿಯೋ ನೀರು ಹೊಯ್ದು ಇಟ್ಕೊಳಿ" ಅಂದಳು. ಹಾಗೆ ಮಾಡಿದ್ದಕ್ಕೆ ಸುಮಾರು ಒಂದು ನಿಮಿಷದ ಅವಕಾಶ ಸಿಕ್ಕಿತು. ಒಂದು ಕ್ಲ್ಯಾಂಪ್ ಅವಳು, ಒಂದು ನಾನು. ಇದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ದಪ್ಪ ಬಟ್ಟೆಯ ಕೈಗವಸು ಇಬ್ಬರಿಗೂ ಬೇಕು. ರಬ್ಬರಿನದು ಬೇಡ, ಒಳಗೆ ಬಿಸಿನೀರು ನುಗ್ಗಿದರೆ ಬಿಚ್ಚುವುದರೊಳಗೆ ಚರ್ಮ ಸುಲಿಯುತ್ತದೆ.

ಹದಿನೈದು ನಿಮಿಷ ಬಿಟ್ಟು, ತಣ್ಣೀರು ಹೊಯ್ದು ತೆಗೆದರೆ ಆಕಾರ ಅಚ್ಚಿನಲ್ಲಿ ಎರೆದ ಹಾಗಿತ್ತು. ಮೂತಿಯ ಬಾಗು, ಕುತ್ತಿಗೆಯ ಸಣ್ಣ, ಎಲ್ಲ ಇದ್ದಿದ್ದ ಹಾಗೇ ಮೂಡಿತ್ತು. ಅಂಚಿನ ಗುಂಟ ರಿವೆಟ್ ಹೊಡೆದೂ ಬಿಟ್ಟೆ.

ಆಮೇಲೆ ಕತ್ತಿ ಒಳಗೆ ಹೋಗಲಿಲ್ಲ. ಹೋಗುವುದಾದರೂ ಹೇಗೆ? ಅಲಗು ಹಿಡಿಯ ಹತ್ತಿರ ನಾಲ್ಕೂವರೆ, ತುದಿಯಲ್ಲಿ 7. ಕತ್ತಿಯ ಆಕಾರಕ್ಕೇ ಒರೆ ಕೂರಿಸಿದರೆ ಬಾಯಿ ನಾಲ್ಕೂವರೆಯಾಗುತ್ತದೆ, ಅದರಲ್ಲಿ ಏಳರ ಮೂತಿ ತೂರಬೇಕು. ಪೇಟೆ ಚಾಕುಗಳೆಲ್ಲ ತುದಿಗೆ ಹೋದಂತೆ ಸಣ್ಣಗಾಗುತ್ತವೆ, ನಮ್ಮ ಮಲೆನಾಡಿನ ಕತ್ತಿ ತುದಿಗೆ ಹೋದಂತೆ ಅಗಲವಾಗುತ್ತದೆ. ಪ್ಲೈವುಡ್ ಕೊಯ್ಯುವ ಮೊದಲು ಕಾಗದದ ಮೇಲೆ ಕತ್ತಿ ಇಟ್ಟು ಗೆರೆ ಎಳೆದು, ಅದನ್ನು ಹಿಂದಕ್ಕೆ ಸರಿಸಿ ನೋಡಿದ್ದರೆ ಎರಡು ನಿಮಿಷದಲ್ಲಿ ತಿಳಿಯುತ್ತಿತ್ತು. ಏಳೂ ರಿವೆಟ್ ಡ್ರಿಲ್ ಹಾಕಿ ಕಿತ್ತೆ. ಆ ತುಂಡು ಮತ್ತೆ ಕೆಲಸಕ್ಕೆ ಬರಲಿಲ್ಲ.

ನವೆಂಬರ್ 16. ಮೂರನೇ ಸುತ್ತು

ಹೊಸ ಮಾದರಿಯಲ್ಲಿ ಅಂಚಿನ ಗೆರೆ ನೇರ, ತುದಿಯಿಂದ ಬಾಯಿಯವರೆಗೂ 7 ಸೆಂ.ಮೀ. ಬಾಯಿಯ ಹತ್ತಿರ ಕತ್ತಿ ಸಡಿಲವಿರುತ್ತದೆ ಎಂಬುದನ್ನು ಒಪ್ಪಿಕೊಂಡು, ಅದನ್ನು ಹಿಡಿದಿಡುವ ಕೆಲಸವನ್ನು ಹಿಡಿಯ ಮೇಲೆ ಬರುವ ಟ್ಯೂಬಿನ ಪಟ್ಟಿಗೆ ಬಿಟ್ಟೆ.

ಅಂಚಿನ ಪಟ್ಟಿ ಬಿಡಬಾರದು. ಎರಡು ಮಗ್ಗುಲಿನ ನಡುವೆ, ಹರಿತದ ಅಂಚು ಬಂದು ತಾಗುವ ಕಡೆ, ಅದೇ ಪೈಪಿನ 15 ಮಿ.ಮೀ. ಅಗಲದ ಪಟ್ಟಿ ಕೂರಿಸಬೇಕು. ಇಲ್ಲದಿದ್ದರೆ ಅಂಚು ನೇರ ರಿವೆಟ್‌ಗೆ ಬಡಿಯುತ್ತದೆ. ರಿವೆಟ್ಟೂ ಸವೆಯುತ್ತದೆ, ಕತ್ತಿಯೂ ಮೊಂಡಾಗುತ್ತದೆ. ಪಟ್ಟಿಗೆ ಎರಡೂ ಬದಿ ಪಾಲಿಶ್ ಪೇಪರ್ ಉಜ್ಜಿ, ಸಲ್ಯೂಶನ್ ಹಚ್ಚಿ, ಕ್ಲ್ಯಾಂಪ್ ಹಾಕಿ ಒಂದು ರಾತ್ರಿ ಬಿಟ್ಟೆ. ಪೇಪರ್ ಉಜ್ಜುವಾಗ ಒದ್ದೆ ಮಾಡಿಕೊಂಡು ಉಜ್ಜಿ, ಧೂಳು ಏಳಬಾರದು. ಹಳೇ ಪಿವಿಸಿ ಪೈಪಿನಲ್ಲಿ ಸೀಸ ಬೆರೆಸಿರುವುದು ಉಂಟು. ಅದನ್ನು ಹಂತಹಂತವಾಗಿ ನಿಲ್ಲಿಸುವ ಕೇಂದ್ರದ ನಿಯಮ ಬಂದದ್ದೇ 2021ರಲ್ಲಿ, ನನ್ನ ಪೈಪು ಅದಕ್ಕಿಂತ ಹಳೆಯದು. ಬಚ್ಚಲ ಹಂಡೆ ಬೇಡ ಎಂದದ್ದೂ, ಅಡುಗೆ ಚಾಕುವಿಗೆ ಈ ಪೈಪು ಬಳಸದೆ ಇದ್ದದ್ದೂ ಇದಕ್ಕೇ.

ಮರುದಿನ ರಿವೆಟ್. ಮೂರು ಪದರ ಸೇರಿ 7.8 ಮಿ.ಮೀ., ವಾಷರ್ ಸೇರಿದರೆ ಒಂಬತ್ತರ ಹತ್ತಿರ. ಅಂಗಡಿಯಿಂದ ಮೊದಲು 8 ಮಿ.ಮೀ. ಉದ್ದದ ರಿವೆಟ್ ತಂದಿದ್ದೆ, ಅವು ಹಿಂದೆ ಹಿಡಿಯಲೇ ಇಲ್ಲ. ಬದಲಿಸಿ 12ರದು ತಂದೆ. ಮೊದಲ ಎರಡು ರಿವೆಟ್‌ಗೆ ತೂತಿನ ಸುತ್ತ ಕೂದಲೆಳೆಯ ಬಿರುಕು ಬಂತು. ರಿವೆಟ್‌ನ ಹೊಟ್ಟೆ ಉಬ್ಬಿದಾಗ ಪ್ಲಾಸ್ಟಿಕ್‌ಗೆ ಹಿಗ್ಗಲು ಜಾಗವಿರಲಿಲ್ಲ. ತೂತನ್ನು ದುಂಡು ಅರದಲ್ಲಿ ಚೂರು ಸಡಿಲ ಮಾಡಿ, ಹಿಂದೆ ವಾಷರ್ ಕೊಟ್ಟ ಮೇಲೆ ಉಳಿದ ಐದಕ್ಕೂ ಬಿರುಕು ಬರಲಿಲ್ಲ. ಅಂಚಿನಿಂದ 8 ಮಿ.ಮೀ. ಒಳಗೆ, ಒಂದರಿಂದ ಒಂದಕ್ಕೆ 4 ಸೆಂ.ಮೀ. ದೂರ. ಬಿರುಕು ಬಿಟ್ಟ ಎರಡನ್ನು ಹಾಗೇ ಬಿಟ್ಟಿದ್ದೇನೆ, ಗಮನ ಇಟ್ಟಿರುತ್ತೇನೆ.

ತುದಿಯಲ್ಲಿ 6 ಮಿ.ಮೀ.ನ ಬಸಿ ತೂತು. ಬಾಯಿಯ ಒಂದು ಸೆಂ.ಮೀ. ಮಾತ್ರ ಬಿಸಿನೀರಿಗೆ ಅದ್ದಿ ಹೊರಕ್ಕೆ ಅರಳಿಸಿದೆ, ಕೊಳವೆಯ ಬಾಯಿಯ ಹಾಗೆ. ಇಡೀ ಒರೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಈ ಅರಳಿದ ಬಾಯಿ. ಕತ್ತಿಯನ್ನು ಒರೆಗೆ ಹಾಕುವಾಗ ಎಡಗೈ ಬಾಯಿಯ ಹತ್ತಿರವೇ ಇರುತ್ತದೆ, ಮೂತಿ ತಪ್ಪಿದರೆ ಹೆಬ್ಬೆರಳಿಗೆ ಹೋಗುತ್ತದೆ. ಬಾಯಿ ಅರಳಿದ್ದರೆ ಕತ್ತಲೆಯಲ್ಲೂ ಮೂತಿ ದಾರಿ ಹಿಡಿಯುತ್ತದೆ. ಕೈ ಒರೆಯ ನಡುಭಾಗದಲ್ಲಿರಬೇಕು, ಬೆನ್ನನ್ನು ಮಡಿಕೆಗೆ ಒತ್ತಿಕೊಂಡು ಜಾರಿಸಬೇಕು. ಮನೆಯಲ್ಲಿ ಎಲ್ಲರಿಗೂ ಹೀಗೇ ಹತ್ತು ಸಲ ಹಾಕಿಸಿ ತೆಗೆಸಿ ರೂಢಿ ಮಾಡಿಸಿದೆ.

ಹಿಡಿಯ ಮೇಲೆ ಬಂದು ಕೊಕ್ಕೆಗೆ ಸಿಕ್ಕುವ ಸೈಕಲ್ ಟ್ಯೂಬಿನ ಪಟ್ಟಿ ಎರಡು ಸೆಂ.ಮೀ. ಅಗಲದ್ದು. ಒಂದೇ ಕೈಯಲ್ಲಿ ತೆಗೆಯಬಹುದು.

ನವೆಂಬರ್ 23

ಒರೆ ಕೆಟ್ಟಿತು. ಒದ್ದೆಯಾಗಿದೆ ಎಂದು ಶುಕ್ರವಾರ ಬಚ್ಚಲ ಒಲೆಯ ಹಿಂದಿನ ಗೂಟಕ್ಕೆ ನೇತು ಹಾಕಿದ್ದೆ. ಬೆಳಿಗ್ಗೆ ನೀರು ಕಾಯಿಸಿದ ಮೇಲೆ ನೋಡಿದರೆ ಬಾಯಿಯ ಕಡೆಯ ಮಡಿಕೆ ಬಿಚ್ಚಿಕೊಂಡು ದೋಣಿಯ ಆಕಾರಕ್ಕೆ ಹೊರಟಿತ್ತು. ಎರಡನೇ ತಾರೀಕಿನ ಪಾಠ ನನಗೆ ಗೊತ್ತಿತ್ತು, ಆದರೂ ಗೂಟಕ್ಕೆ ಹಾಕುವಾಗ ನೆನಪಿಗೆ ಬರಲಿಲ್ಲ. ಡಬ್ಬ ಕಾಯಿಸಿ, ಮಾದರಿ ಇಟ್ಟು ಮತ್ತೆ ಒತ್ತಿದೆ. ಸರಿಯಾಯಿತು, ಆದರೆ ಮೊದಲಿದ್ದ ಬಿಗಿ ಇಲ್ಲ. ಈಗ ಬೆನ್ನಿನ ಕಡೆ ಬಾಯಿಯಿಂದ 3 ಸೆಂ.ಮೀ. ಕೆಳಗೆ ತಾಮ್ರದ ತಂತಿಯ ಒಂದು ಸುತ್ತು ಹಾಕಿದ್ದೇನೆ. ಬಚ್ಚಲ ಒಲೆ, ಅಡಿಕೆ ಬೇಯಿಸುವ ಒಲೆ, ಮುಚ್ಚಿದ ಕಾರಿನ ಗಾಜಿನ ಕೆಳಗೆ, ಇಲ್ಲೆಲ್ಲೂ ಪಿವಿಸಿ ಒರೆ ಇಡಬಾರದು.

ನವೆಂಬರ್ 30. ಅಡುಗೆ ಚಾಕು

ಮೊದಲು ಎಂಜಿನ್ ಎಣ್ಣೆಯ ಬಿಳಿ ಕ್ಯಾನಿನ ಪ್ಲಾಸ್ಟಿಕ್ ಹೇಗೆ ಬಗ್ಗುತ್ತದೆ ನೋಡೋಣ ಎಂದು ಒಂದು ತುಂಡು ಪರೀಕ್ಷೆ ಮಾಡಿದೆ. ಅಡಿಯಲ್ಲಿ ತ್ರಿಕೋನದೊಳಗೆ 2 ಎಂದಿತ್ತು, ಅಂದರೆ ಎಚ್‌ಡಿಪಿಇ. ಕುದಿಯುವ ನೀರಿಗೆ ಅದು ಬಗ್ಗಿದರೂ ತೆಗೆದ ಕೂಡಲೇ ಹಿಂದಕ್ಕೆ ಪುಟಿಯಿತು. ಕಾವಲಿಯ ಮೇಲೆ ಇಟ್ಟರೆ ಬಿಳಿ ಹೋಗಿ ಗಾಜಿನ ಹಾಗಾಯಿತು, ಮರುಕ್ಷಣ ಕುಗ್ಗಿ ದಪ್ಪ ಮುದ್ದೆ. ಸಲ್ಯೂಶನ್ ಅದಕ್ಕೆ ಅಂಟುವುದೇ ಇಲ್ಲ. ನನ್ನ ಹತ್ತಿರ ಇರುವ ಸಲಕರಣೆಯಲ್ಲಿ ಅದು ಒರೆಗೆ ಒಗ್ಗದು. ಔಷಧಿ ಹೊಡೆಯುವ ಕ್ಯಾನುಗಳೂ ಅಟ್ಟದಲ್ಲಿದ್ದವು, ಅವನ್ನು ಮುಟ್ಟಲಿಲ್ಲ. ಎಷ್ಟು ತೊಳೆದರೂ ಆ ವಿಷ ಪ್ಲಾಸ್ಟಿಕ್‌ನೊಳಗೆ ಉಳಿಯುತ್ತದೆ.

ಕೊನೆಗೆ ಮದುವೆ ಮನೆಯಿಂದ ಬಂದ ಮೊಸರಿನ ಬಕೆಟ್ಟು ಕೆಲಸಕ್ಕೆ ಬಂತು. ಅಡಿಯಲ್ಲಿ 5, ಪಾಲಿಪ್ರೊಪಿಲೀನ್. ಆಹಾರ ತುಂಬಲೆಂದೇ ಮಾಡಿದ್ದು. ಇದಕ್ಕೆ ಒಂದು ಗುಣವಿದೆ: ಗೆರೆ ಕೊರೆದು ಮಡಚಿದರೆ ಎಷ್ಟು ಸಲ ಬಗ್ಗಿಸಿದರೂ ಮುರಿಯುವುದಿಲ್ಲ, ಡಬ್ಬಿಗಳ ಒಟ್ಟಿಗಿರುವ ಮುಚ್ಚಳದ ಹಾಗೆ. ಬೆಂಕಿಯೇ ಬೇಡ. ಅಲಗು 15 ಸೆಂ.ಮೀ. ಉದ್ದ, 3 ಅಗಲ. 16 ಉದ್ದ, 9 ಅಗಲದ ತುಂಡು ಕತ್ತರಿಸಿ, ನಡುವೆ ಚಾಕುವಿನ ಬೆನ್ನಿನಲ್ಲಿ ಮೂರು ಸಲ ಗೆರೆ ಎಳೆದು ಮಡಚಿದೆ. ಅಂಚಿಗೆ ಅದೇ ಬಕೆಟ್ಟಿನ ಪಟ್ಟಿ. ಅಂಟು ಹಿಡಿಯದ್ದರಿಂದ 2 ಮಿ.ಮೀ. ತೂತು ಕೊರೆದು ಗಾಳದ ನೈಲಾನ್ ದಾರದಲ್ಲಿ ಹೊಲಿದೆ. ತುದಿ ಮುಚ್ಚಲಿಲ್ಲ, ಚಾಕುವಿನ ಮೊನೆಗಿಂತ ಒಂದು ಸೆಂ.ಮೀ. ಮುಂದಕ್ಕೆ ಉಳಿಸಿದ್ದೇನೆ. ತೊಳೆದು ಕುಟ್ಟಿದರೆ ನೀರು ಇಳಿಯುತ್ತದೆ. ಒಂದೂವರೆ ಗಂಟೆ, ಅದರಲ್ಲಿ ಒಂದು ಗಂಟೆ ಹೊಲಿಗೆಯದೇ.

ಡಿಸೆಂಬರ್ 14. ಕುಡುಗೋಲು, ಮೆಟ್ಟುಗತ್ತಿ, ಮತ್ತು ಕೊನೆಗೌಡರ ಮಾತು

ಬಾಗಿದ ಅಲಗಿಗೆ ಒರೆ ಹೊಲಿಯುವ ಗೋಜು ಬೇಡ. 16 ಮಿ.ಮೀ. ಡ್ರಿಪ್ ಪೈಪನ್ನು ಉದ್ದಕ್ಕೆ ಸೀಳಿ ಅಂಚಿನ ಮೇಲೆ ಒತ್ತಿದರೆ ಅದೇ ಬಾಗಿಗೆ ಬಗ್ಗಿ ಕೂರುತ್ತದೆ. ಕುಡುಗೋಲಿಗೆ ಹೀಗೆ ಮಾಡಿದ್ದು ಮೂರು ದಿನಕ್ಕೆ ಒಳಗಿನಿಂದ ಕೊಯ್ದು ಹೊರಗೆ ಅಂಚು ಇಣುಕಿತು. ಈಗ ಸೀಳಿದ 12ರ ಪೈಪನ್ನು ಮೊದಲು ಹಾಕಿ, ಅದರ ಮೇಲೆ 16ರದು. ಜಾರದ ಹಾಗೆ ಟ್ಯೂಬಿನ ಉಂಗುರ ಮೂರು ಕಡೆ. ಎರಡು ವಾರವಾಯಿತು, ಕೊಯ್ದಿಲ್ಲ.

ಮೆಟ್ಟುಗತ್ತಿಗೂ (ಈಳಿಗೆಮಣೆ) ಅದೇ ವಿಧಾನ, ತೋಟಕ್ಕಿಳಿಯದ ಹೊಸ ಪೈಪಿನ ತುಂಡು ತೊಳೆದು ಹಾಕಿದ್ದು. ತಂಗಿಯ ಮಗು ಈಗ ಅಂಬೆಗಾಲು ಇಡುತ್ತಿದೆ. ಬಂದಾಗಲೆಲ್ಲ ಅಮ್ಮ ಮೆಟ್ಟುಗತ್ತಿಯನ್ನು ಎತ್ತರಕ್ಕೆ ಎತ್ತಿಡಬೇಕಾಗಿತ್ತು.

ಅಡಿಕೆ ಕೊನೆ (ಗೊನೆ) ಕೊಯ್ಯಲು ಬಂದ ಕೊನೆಗೌಡರಿಗೆ, ಅಂದರೆ ಮರ ಹತ್ತಿ ಕೊನೆ ಇಳಿಸುವವರಿಗೆ, ದೊಡ್ಡ ಒರೆ ತೋರಿಸಿದೆ. ತಿರುಗಿಸಿ ನೋಡಿ, ಹಾಕಿ ತೆಗೆದು ನೋಡಿ, "ಮರದ ಮೇಲೆ ಇದು ಆಗೂದಿಲ್ಲ ಭಟ್ರೇ, ಒಂದು ಕೈ ಮರಕ್ಕೇ ಬೇಕು. ಬೈಕಿಗೆ ಆಗ್ತದೆ, ಚೀಲ ಹರಿಯೂದು ತಪ್ತದೆ. ನಂಗೊಂದು ಮಾಡ್ಕೊಡಿ, ಆದ್ರೆ ಈ ಟ್ಯೂಬು ಬೇಡ, ಬಿಸ್ಲಿಗೆ ಅಂಟಾಗ್ತದೆ" ಅಂದರು. ಅವರ ಕತ್ತಿಯ ಆಕಾರವನ್ನು ಕಾಗದದ ಮೇಲೆ ಗೆರೆ ಎಳೆದು ಇಟ್ಟುಕೊಂಡಿದ್ದೇನೆ. ಮೂತಿ ಏಳೂವರೆ ಸೆಂ.ಮೀ. ಇದೆ. ಪಟ್ಟಿಗೆ ಹಳೇ ಬ್ಯಾಗಿನ ನೈಲಾನ್ ಪಟ್ಟಿಯೂ ಒತ್ತುಗುಂಡಿಯೂ ನೋಡುತ್ತಿದ್ದೇನೆ.

ಸಂಜೆ ನನ್ನ ಕತ್ತಿಯನ್ನು ಒರೆಯಿಂದ ತೆಗೆದು ಬೆಳಕಿಗೆ ಹಿಡಿದೆ. ಒಂದು ತಿಂಗಳಿನಲ್ಲಿ ತುಕ್ಕು ಇಲ್ಲ, ಅಲಗಿನ ಮಗ್ಗುಲಿಗೆ ಎರಡು ಸಣ್ಣ ಗೀರು ಇವೆ. ಒರೆಯೊಳಗೆ ಮಣ್ಣು ಸೇರಿದ್ದರಿಂದ ಆದದ್ದು. ಬಸಿ ತೂತಿನಿಂದ ನೀರು ಬಿಟ್ಟು ತೊಳೆದೆ, ಹೆಸರುಕಾಳಿನಷ್ಟು ದೊಡ್ಡ ಕಲ್ಲೊಂದು ತೂತಿಗೆ ಸಿಕ್ಕಿಕೊಂಡಿತ್ತು. ಕೊನೆಗೌಡರ ಒರೆಗೆ ತೂತು 8 ಮಿ.ಮೀ. ಹಾಕುತ್ತೇನೆ.